ಮಿದುಳಿನ ಸಂಗ್ರಹಾಲಯವೂ ಗಡಿನಾಡಿನ ನಾವೂ

ಹಿಂದೂಪುರದ ನಿಲ್ದಾಣದಿಂದ ಬೆಳಗಿನ ಹೊತ್ತು ಬೆಂಗಳೂರಿಗೆ ಹೊರಡುವವರಲ್ಲಿ ವ್ಯಾಪಾರಿಗಳು, ಕೆಲಸಗಾರರು, ಕಾಲೇಜಿನ ವಿದ್ಯಾರ್ಥಿಗಳು ಇರುವಂತೆ ರೋಗಿಗಳೂ ಇರುತ್ತಾರೆ. ಗೌರಿಬಿದನೂರು, ದೊಡ್ಡಬಳ್ಳಾಪುರ, ಯಲಹಂಕಗಳನ್ನು ದಾಟಿ ಹೋಗುವ ಈ ದಾರಿ ನಮ್ಮ ಭಾಗದವರಿಗೆ ಬಹುಕಾಲದಿಂದ ಆಸ್ಪತ್ರೆಯ ದಾರಿಯೂ ಆಗಿದೆ. 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆಯಾಯಿತು. 1953ರಲ್ಲಿ ನಾವು ಮದರಾಸನ್ನು ಬಿಟ್ಟು ಆಂಧ್ರ ರಾಜ್ಯಕ್ಕೆ ಸೇರಿದೆವು, 1956ರಲ್ಲಿ ಅದು ಆಂಧ್ರ ಪ್ರದೇಶವಾಯಿತು. 2022ರಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಗಡಿಗಳು ಹೀಗೆ ಬದಲಾಗುತ್ತ ಬಂದರೂ ಕಾಯಿಲೆಯವರನ್ನು ಕರೆದುಕೊಂಡು ಹೋಗುವ ದಾರಿ ಬದಲಾಗಲಿಲ್ಲ.

ನಮ್ಮ ಶಾಲೆಯ ಬೆಂಗಳೂರು ಪ್ರವಾಸವೆಂದರೆ ಲಾಲ್‌ಬಾಗ್, ಕಬ್ಬನ್ ಪಾರ್ಕ್, ವಿಧಾನಸೌಧ ಮತ್ತು ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಎಂಬುದು ಹಳೆಯ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತಿರುವ ಸಂಗತಿ. ಈ ಪಟ್ಟಿಗೆ ನಿಮ್ಹಾನ್ಸ್ ಸಂಸ್ಥೆಯ ಮಾನವ ಮಿದುಳಿನ ಸಂಗ್ರಹಾಲಯವನ್ನು ಸೇರಿಸಿದಾಗ ಕೆಲವು ಪೋಷಕರು ನಮ್ಮನ್ನು ಕೇಳಿದ ಪ್ರಶ್ನೆ ನೇರವಾಗಿತ್ತು: “ಹುಚ್ಚಾಸ್ಪತ್ರೆಗೆ ಮಕ್ಕಳನ್ನು ಏಕೆ ಕರೆದುಕೊಂಡು ಹೋಗುತ್ತೀರಿ, ಮೇಷ್ಟ್ರೇ?” ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಆ ಸಂಸ್ಥೆಯ ಮತ್ತು ಅಂತಹ ಸಂಗ್ರಹಾಲಯಗಳ ಇತಿಹಾಸವನ್ನು ಸ್ವಲ್ಪ ಹಿಂದಿನಿಂದ ನೋಡಬೇಕಾಗುತ್ತದೆ.

ಬೆಂಗಳೂರಿನಲ್ಲಿ ಮನೋರೋಗಿಗಳನ್ನು ಇರಿಸುವ ಆಶ್ರಯವೊಂದು 19ನೇ ಶತಮಾನದಲ್ಲಿಯೇ ಆರಂಭವಾಗಿತ್ತು. ರೋಗಿಯನ್ನು ಸಮಾಜದಿಂದ ದೂರವಿಡುವುದು ಆ ಕಾಲದ ಮುಖ್ಯ ಉದ್ದೇಶವಾಗಿತ್ತು. 1925ರಲ್ಲಿ ಮೈಸೂರು ಸರ್ಕಾರವು ಆ ಹಳೆಯ ಹೆಸರನ್ನು ಕೈಬಿಟ್ಟು ಅದನ್ನು ಮಾನಸಿಕ ಆಸ್ಪತ್ರೆ ಎಂದು ಕರೆಯಿತು. ಹುಚ್ಚರನ್ನು ಕೂಡಿಹಾಕುವ ಜಾಗವಲ್ಲ, ರೋಗಿಗಳಿಗೆ ಚಿಕಿತ್ಸೆ ನೀಡುವ ಆಸ್ಪತ್ರೆ ಎಂಬ ಅರ್ಥ ಆ ಹೊಸ ಹೆಸರಿನಲ್ಲಿತ್ತು. ನಮ್ಮ ಶಾಲೆ ಹುಟ್ಟಿದ್ದು ಹೆಚ್ಚುಕಡಿಮೆ ಅದೇ ಕಾಲದಲ್ಲಿ. 1930ರ ದಶಕದಲ್ಲಿ ಆಸ್ಪತ್ರೆಯು ಪೇಟೆಯಿಂದ ಲಕ್ಕಸಂದ್ರದ ಬಯಲಿಗೆ, ಇಂದಿನ ಹೊಸೂರು ರಸ್ತೆಯ ಆವರಣಕ್ಕೆ ಸ್ಥಳಾಂತರಗೊಂಡಿತು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. ಆಸ್ಪತ್ರೆ ಮತ್ತು ಸಂಸ್ಥೆ ಎರಡೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಯಿತು. ಸರ್ಕಾರದ ಕಾಗದಗಳಲ್ಲಿ ಹೆಸರು ಬದಲಾಗಿ ಸುಮಾರು ನೂರು ವರ್ಷಗಳಾದರೂ ನಮ್ಮ ಮಾತಿನಲ್ಲಿ ಅದು ಇನ್ನೂ ಹುಚ್ಚಾಸ್ಪತ್ರೆಯಾಗಿಯೇ ಉಳಿದಿದೆ. ಅಲ್ಲಿಗೆ ಹೋಗಿ ಬಂದವರು ಊರಿನಲ್ಲಿ ಅದನ್ನು ಹೇಳಿಕೊಳ್ಳುವುದಿಲ್ಲ. ಹೆಣ್ಣುಮಗಳಾದರಂತೂ ಮದುವೆಯ ಮಾತುಕತೆ ನಿಂತುಹೋದೀತೆಂಬ ಭಯ.

ಇನ್ನು ವೈದ್ಯಕೀಯ ಸಂಗ್ರಹಾಲಯಗಳ ವಿಚಾರ. ಯೂರೋಪು, ಅಮೆರಿಕಗಳಲ್ಲಿ ಇವು ಬೆಳೆದದ್ದು ವಿಚಿತ್ರಗಳನ್ನು ಕೂಡಿಡುವ ಹವ್ಯಾಸದ ಜೊತೆಯಲ್ಲಿ. ಫಿಲಡೆಲ್ಫಿಯಾದ ಮ್ಯೂಟರ್ ಸಂಗ್ರಹಾಲಯ 1863ರಲ್ಲಿ ತೆರೆಯಿತು. ಅದಕ್ಕೂ ಹಳೆಯದು ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್‌ನ ಸಂಗ್ರಹ. ಅದರಲ್ಲಿ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಜನರು ಬೆರಗಿನಿಂದ ನೋಡಿದ್ದು ಚಾರ್ಲ್ಸ್ ಬರ್ನ್ ಎಂಬ ಐರ್ಲೆಂಡಿನ ಯುವಕನ ಅಸ್ಥಿಪಂಜರವನ್ನು. ಏಳೂವರೆ ಅಡಿ ಎತ್ತರದ ಆತ ತನ್ನನ್ನು ತಾನೇ ಪ್ರದರ್ಶಿಸಿಕೊಂಡು ಹೊಟ್ಟೆ ಹೊರೆದುಕೊಂಡವನು. 1783ರಲ್ಲಿ, ಕೇವಲ 22ನೇ ವಯಸ್ಸಿನಲ್ಲಿ ತೀರಿಕೊಂಡ. ವೈದ್ಯರ ಕೈಗೆ ತನ್ನ ದೇಹ ಸಿಗಬಾರದು, ಶವಪೆಟ್ಟಿಗೆಯನ್ನು ಸಮುದ್ರದಲ್ಲಿ ಮುಳುಗಿಸಬೇಕು ಎಂಬುದು ಆತನ ಕೊನೆಯ ಆಸೆಯಾಗಿತ್ತು. ಆದರೆ ಹಂಟರ್ ಹಣ ಕೊಟ್ಟು ದೇಹವನ್ನು ಪಡೆದುಕೊಂಡ. 1909ರಲ್ಲಿ ಹಾರ್ವೆ ಕುಶಿಂಗ್ ಎಂಬ ಅಮೆರಿಕದ ವೈದ್ಯರು ಆ ತಲೆಬುರುಡೆಯನ್ನು ಪರೀಕ್ಷಿಸಿ, ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಊದಿಕೊಂಡಿದ್ದೇ ಆ ಎತ್ತರಕ್ಕೆ ಕಾರಣವೆಂದು ತೋರಿಸಿದರು. ಜನರು ದೈತ್ಯನೆಂದು ಕರೆದಿದ್ದವನು ಒಬ್ಬ ರೋಗಿಯಾಗಿದ್ದ. ಕೊನೆಗೆ 2023ರಲ್ಲಿ ಸಂಗ್ರಹಾಲಯವು ಆ ಅಸ್ಥಿಪಂಜರವನ್ನು ಪ್ರದರ್ಶನದಿಂದ ತೆಗೆಯಿತು. ಜ್ಞಾನ ದೊರೆತದ್ದು ನಿಜ. ಆದರೆ ಒಬ್ಬ ಮನುಷ್ಯನ ಮಾತನ್ನು ಮೀರಿ ದೊರೆತದ್ದೂ ಅಷ್ಟೇ ನಿಜ.

ಬೆಂಗಳೂರಿನ ಸಂಗ್ರಹಾಲಯದ ರೀತಿಯೇ ಬೇರೆ. ನಿಮ್ಹಾನ್ಸ್‌ನ ನರರೋಗಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಸ್. ಕೆ. ಶಂಕರ್ ಅವರು ಹಲವು ದಶಕಗಳ ಕಾಲ ಅದನ್ನು ಕಟ್ಟಿ ಬೆಳೆಸಿದರು. ಸಂಶೋಧನೆಗಾಗಿ ಮಿದುಳುಗಳನ್ನು ಕಾಯ್ದಿಡುವ ಭಂಡಾರವೂ ಅದರ ಜೊತೆಗಿದೆ. ತೀರಿಕೊಂಡವರ ಮನೆಯವರು ದುಃಖದ ನಡುವೆಯೂ ಒಪ್ಪಿಗೆ ಕೊಟ್ಟುದರಿಂದಲೇ ಇಂತಹ ಭಂಡಾರಗಳು ಬೆಳೆಯುತ್ತವೆ. ನಿಗದಿತ ದಿನಗಳಲ್ಲಿ ಸಾರ್ವಜನಿಕರಿಗೂ ಶಾಲಾ ಮಕ್ಕಳಿಗೂ ಇಲ್ಲಿ ಪ್ರವೇಶವಿದೆ. ಪಾರದರ್ಶಕ ಪೆಟ್ಟಿಗೆಗಳಲ್ಲಿ ರಾಸಾಯನಿಕ ದ್ರವದೊಳಗೆ ಇರಿಸಿದ ಮಿದುಳುಗಳ ಮುಂದೆ ಒಬ್ಬರು ನಿಂತು ಒಂದೊಂದರ ಕಥೆಯನ್ನೂ ಬಿಡಿಸಿ ಹೇಳುತ್ತಾರೆ. ಪ್ರಾಣಿಗಳ ಮಿದುಳುಗಳನ್ನು ಮನುಷ್ಯನದರೊಡನೆ ಹೋಲಿಸಿ ನೋಡಬಹುದು. ಮಹಾಮಸ್ತಿಷ್ಕ, ಅನುಮಸ್ತಿಷ್ಕ, ಮಿದುಳುಬಳ್ಳಿ ಎಂದು ಕನ್ನಡದ ಪಠ್ಯದಲ್ಲಿ ಬಾಯಿಪಾಠ ಮಾಡಿದ್ದ ನಮ್ಮ ಮಕ್ಕಳು ಅವನ್ನು ಕಣ್ಣೆದುರಿಗೆ ಗುರುತಿಸಿ ಹೆಸರು ಹೇಳಿದಾಗ ನಮಗಾದ ಸಂತೋಷ ಸಣ್ಣದಲ್ಲ.

ಅಲ್ಲಿ ನಮ್ಮ ಭಾಗದವರು ಮುಖ್ಯವಾಗಿ ತಿಳಿಯಬೇಕಾದದ್ದು ಲಾಡಿಹುಳುವಿನ ಮರಿಗಳು ಗೂಡು ಕಟ್ಟಿದ ಮಿದುಳಿನ ಸಂಗತಿ. ಹಂದಿಯ ಲಾಡಿಹುಳು ಇರುವವರ ಮಲದಲ್ಲಿ ಅದರ ಮೊಟ್ಟೆಗಳಿರುತ್ತವೆ. ಬಯಲು ಶೌಚದಿಂದ ಅವು ನೀರಿಗೂ ಸೊಪ್ಪು ತರಕಾರಿಗಳಿಗೂ ಸೇರುತ್ತವೆ. ಅಲ್ಲಿಂದ ಹೊಟ್ಟೆಗೆ, ರಕ್ತದ ಮೂಲಕ ಮಿದುಳಿಗೆ ತಲುಪುತ್ತವೆ. ಮಾಂಸ ಮುಟ್ಟದ ಮನೆಯವರಿಗೂ ಇದು ತಪ್ಪಿದ್ದಲ್ಲ. ಹಾಗೆ ಬರುವ ಮೂರ್ಛೆಯನ್ನು ನಮ್ಮ ಹಳ್ಳಿಗಳಲ್ಲಿ ಗಾಳಿ ಸೋಕಿದ್ದೆಂದು ತಿಳಿದು ತಾಯತ ಕಟ್ಟಿಸಿದ್ದುಂಟು, ಬಿದ್ದವರ ಕೈಗೆ ಕಬ್ಬಿಣ ಕೊಟ್ಟದ್ದುಂಟು, ಮಗುವನ್ನು ಶಾಲೆಯಿಂದ ಬಿಡಿಸಿದ್ದುಂಟು. ಸರಿಯಾದ ಚಿಕಿತ್ಸೆ ದೊರೆತರೆ ಅಪಸ್ಮಾರದ 100 ರೋಗಿಗಳಲ್ಲಿ ಸುಮಾರು 70 ಮಂದಿ ಮೂರ್ಛೆಯಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿದ್ದವರನ್ನು ಒಂದು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು. ಇಷ್ಟು ತಿಳಿವಳಿಕೆ ಒಂದು ತರಗತಿಯಲ್ಲಿದ್ದರೆ ಮೂರ್ಛೆ ಬರುವ ಮಗು ನಾಚಿಕೆಯಿಲ್ಲದೆ ಅಲ್ಲಿ ಕುಳಿತು ಓದಬಲ್ಲದು.

ಮುಪ್ಪಿನಲ್ಲಿ ಅರಳುಮರಳು ಸಹಜವೆನ್ನುವುದು ನಮ್ಮ ರೂಢಿ. 1906ರಲ್ಲಿ ಜರ್ಮನಿಯ ವೈದ್ಯ ಆಲ್ಝೈಮರ್, ಮರೆವಿನಿಂದ ನರಳಿ ತೀರಿಕೊಂಡ ಮಹಿಳೆಯೊಬ್ಬರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದೊಂದು ರೋಗವೆಂದು ವಿವರಿಸಿದರು. ಆ ರೋಗ ತಗಲಿದ ಮಿದುಳು ಕುಗ್ಗುತ್ತದೆ. ಅದನ್ನು ತಿಳಿದ ಮಗು ಮನೆಯ ಅಜ್ಜಿ ಒಂದೇ ಮಾತನ್ನು ಹತ್ತು ಸಲ ಕೇಳಿದರೆ ರೇಗಲಾರದು. ರಸ್ತೆ ಅಪಘಾತದಲ್ಲಿ ಜಜ್ಜಿಹೋದ ಮಿದುಳೂ ಇಂತಹದೇ ಪಾಠ. ಕೈಗವಸು ತೊಟ್ಟು ನಿಜವಾದ ಮಿದುಳನ್ನು ಹಿಡಿದು ನೋಡುವ ಅವಕಾಶವೂ ಅಲ್ಲಿದೆ. ದ್ರವದಲ್ಲಿ ಗಟ್ಟಿಯಾದ ಆ ಮಿದುಳು ಜೀವಂತ ದೇಹದಲ್ಲಿ ಎಷ್ಟು ಮೃದುವಾಗಿರುತ್ತದೆಂದು ಕೇಳಿದ ಹುಡುಗರಿಗೆ ಹೆಲ್ಮೆಟ್ಟಿನ ಬಗ್ಗೆ ನಾವು ಬೇರೆ ಉಪದೇಶ ಮಾಡಬೇಕಾಗಲಿಲ್ಲ.

ಇಂತಹ ‘ವಿಚಿತ್ರ’ಗಳನ್ನು ನೋಡಲು ನಾವು ಬೆಂಗಳೂರಿಗೇ ಹೋಗಬೇಕಾಗಿರಲಿಲ್ಲ. ಕಲ್ಯಾಣದುರ್ಗದ ಕಡೆಯ ಹಳ್ಳಿಗಳೂ ಸೇರಿದಂತೆ ಅನಂತಪುರ ಸೀಮೆಯ ಅನೇಕ ಊರುಗಳಲ್ಲಿ ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಗಳನ್ನೂ ಹಿರಿಯರ ಬಗ್ಗಿದ ಬೆನ್ನನ್ನೂ ನೋಡುತ್ತಲೇ ಬೆಳೆದವರು ನಾವು. ಪೂರ್ವಜನ್ಮದ ಕರ್ಮವೆನ್ನುತ್ತಿದ್ದ ಆ ನೋವಿಗೆ ಕೊಳವೆಬಾವಿಯ ನೀರಿನ ಫ್ಲೋರೈಡ್ ಕಾರಣವಾಗಿತ್ತು. 1937ರಲ್ಲಿಯೇ ಅಂದಿನ ನೆಲ್ಲೂರು ಜಿಲ್ಲೆಯ ರೋಗಿಗಳನ್ನು ಪರೀಕ್ಷಿಸಿದ ವೈದ್ಯರು ಇದನ್ನು ಬರೆದಿಟ್ಟಿದ್ದರು. 1990ರ ದಶಕದಲ್ಲಿ ಸತ್ಯಸಾಯಿ ಕುಡಿಯುವ ನೀರಿನ ಯೋಜನೆ ಬಂದು ನಮ್ಮ ನೂರಾರು ಹಳ್ಳಿಗಳಿಗೆ ನಲ್ಲಿಯ ನೀರು ಹರಿಯಿತು. ಕಾರಣ ತಿಳಿಯುವುದಕ್ಕೂ ಪರಿಹಾರ ಮನೆಬಾಗಿಲಿಗೆ ತಲುಪುವುದಕ್ಕೂ ನಡುವೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಕಳೆದಿತ್ತು. ಆ ನಡುವಿನ ವರ್ಷಗಳಲ್ಲಿ ಬಗ್ಗಿದ ಬೆನ್ನುಗಳ ಲೆಕ್ಕವನ್ನು ಯಾವ ಸಂಗ್ರಹಾಲಯವೂ ಇಟ್ಟಿಲ್ಲ.

ಪೋಷಕರಿಗೆ ನಮ್ಮ ಉತ್ತರ ಇದೇ. ದೇಹದ ಮತ್ತು ಮನಸ್ಸಿನ ಕಾಯಿಲೆಗಳಿಗೆ ಕಾರಣವಿದೆ, ಬಹುಪಾಲಿಗೆ ಚಿಕಿತ್ಸೆಯಿದೆ, ಅವುಗಳಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ ಎಂಬುದನ್ನು ಮಕ್ಕಳು ಕಣ್ಣಾರೆ ಕಂಡು ತಿಳಿಯಲೆಂದು ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಒಳಗೆ ಹೋಗುವ ಮೊದಲು ಮಕ್ಕಳಿಗೆ ನಾವು ಹೇಳುವುದು ಒಂದೇ ಮಾತು: ಇವು ನೋಟಕ್ಕಿಟ್ಟ ವಸ್ತುಗಳಲ್ಲ, ಯಾರದೋ ಮನೆಯವರು ನಮಗಾಗಿ ಕೊಟ್ಟುಹೋದವು, ನಗಬೇಡಿ, ನಮಸ್ಕರಿಸಿ ನೋಡಿ. ಮಕ್ಕಳು ಹಾಗೆಯೇ ನೋಡಿದ್ದಾರೆ. ಅವರಲ್ಲಿ ಕೆಲವರು ಇಂದು ಊರಿನ ಕಾಯಿಲೆಯವರ ಜೊತೆಗೆ ಹೋಗಿ, ಆಸ್ಪತ್ರೆಯ ಚೀಟಿಯನ್ನು ಓದಿ, ವೈದ್ಯರ ಮಾತನ್ನು ಮನೆಯವರಿಗೆ ಕನ್ನಡದಲ್ಲೂ ತೆಲುಗಿನಲ್ಲೂ ತಿಳಿಸಿ ಹೇಳುತ್ತಿದ್ದಾರೆ.