ಕಂಬಿ ಕಟ್ಟುವ ಕೈ

ನಮ್ಮ ಮನೆಗೆ ಮೋಲ್ಡ್ ಹಾಕುವ ಹಿಂದಿನ ದಿನ ಚಹಾ ಹಿಡಿದು ಏಣಿ ಹತ್ತಿದ್ದೆ. ಕಂಬಿ ಕಟ್ಟುವ ಹುಡುಗ ಬೆಳಗಿನಿಂದ ಬಗ್ಗಿಯೇ ಇದ್ದ. ಎರಡು ಕಂಬಿ ಸೇರುವಲ್ಲೆಲ್ಲ ಸಣ್ಣ ತಂತಿ ಸುತ್ತಿ, ಕೊಕ್ಕೆಯಿಂದ ತಿರುಚಿ ಮುಂದೆ ಸರಿಯುತ್ತಿದ್ದ. “ಸ್ವಲ್ಪ ಸುಧಾರಿಸಿಕೊಳ್ಳಪ್ಪ” ಎಂದೆ. “ಕೂತ್ರೆ ಮತ್ತೆ ಏಳೋಕಾಗಲ್ಲ, ಟೀಚರಮ್ಮ” ಎಂದು ನಕ್ಕ.

ಸಿಮೆಂಟಿನೊಳಗೆ ಕಬ್ಬಿಣ ಹುದುಗಿಸುವ ಈ ವಿದ್ಯೆಯ ಮೂಲದಲ್ಲಿ ಹೂಕುಂಡವಿದೆ ಎಂದರೆ ನೀವು ನಂಬುತ್ತೀರಾ? ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೇ, ಕುಂಡ ಒಡೆಯದಿರಲೆಂದು ಕಬ್ಬಿಣದ ಬಲೆಗೆ ಸಿಮೆಂಟು ಮೆತ್ತಿ, 1867ರಲ್ಲಿ ಪೇಟೆಂಟ್ ಪಡೆದ. 1884ರಲ್ಲಿ ಅಮೆರಿಕದಲ್ಲಿ ಅರ್ನೆಸ್ಟ್ ರ‍್ಯಾನ್ಸಮ್, ಕಾಂಕ್ರೀಟಿಗೆ ಬಿಗಿಯಾಗಿ ಕಚ್ಚಿಕೊಳ್ಳುವ ತಿರುಚಿದ ಕಂಬಿಗೆ ಪೇಟೆಂಟ್ ಪಡೆದ. ಕಂಬಿ ಬದಲಾಯಿತು, ಕಟ್ಟುವ ಕೈ ಬದಲಾಗಲಿಲ್ಲ.

ನೂರು ವರ್ಷ ಕಳೆದ ಮೇಲೆ, 1993ರಲ್ಲಿ, ಜಪಾನಿನ ಮ್ಯಾಕ್ಸ್ ಕಂಪೆನಿ ಕಂಬಿ ಕಟ್ಟುವ ಬ್ಯಾಟರಿ ಯಂತ್ರವನ್ನು ತಂದಿತು. 2017ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ಸೇತುವೆಯೊಂದರಲ್ಲಿ ಟೈಬಾಟ್ ಎಂಬ ರೋಬಾಟ್, ಜನರು ಹಾಸಿಟ್ಟ ಕಂಬಿಗಳು ಸೇರುವ ಜಾಗವನ್ನು ಕ್ಯಾಮೆರಾದಿಂದ ಗುರುತಿಸಿ ತಾನೇ ಕಟ್ಟಿತು.

ಅಲ್ಲಿ ಕೂಲಿ ದುಬಾರಿ, ಆಳು ಸಿಗುವುದೂ ಕಷ್ಟ; ಯಂತ್ರಕ್ಕೆ ಹಾಕಿದ ಹಣ ಗಿಟ್ಟುತ್ತದೆ. ನಮ್ಮಲ್ಲಿ ಕೂಲಿ ಅಗ್ಗ, ಕೊಕ್ಕೆಯೇ ಸಾಕು. ಬೆನ್ನು ನೋಯುತ್ತದೆಂದು ಯಂತ್ರ ಬರುವುದಿಲ್ಲ. ಬೆನ್ನಿಗೆ ಬೆಲೆ ಬಂದಾಗ ಬರುತ್ತದೆ. ಬಂದರೆ ಆ ಹುಡುಗನ ಬೆನ್ನು ಉಳಿದೀತು, ಅನ್ನ ಉಳಿದೀತೇ?

ಕೆ.ಜಿ. ಲೆಕ್ಕದ ಆ ಕೂಲಿಗೆ ಮೇಸ್ತ್ರಿಯ ಹತ್ತಿರ ಚೌಕಾಸಿ ಮಾಡಿದವಳು ನಾನೇ. ರಾತ್ರಿ ಮಲಗಿ ಸೂರು ನೋಡುವಾಗ, ಒಳಗೆ ಅಡಗಿದ ಆ ಸಾವಿರಾರು ಗಂಟುಗಳ ಜೊತೆ ಅದೂ ನೆನಪಾಗುತ್ತದೆ.