ಹಗೇವಿನಿಂದ ಗೋದಾಮಿಗೆ

ಧಾನ್ಯವನ್ನು ಕೂಡಿಡುವ ಕೆಲಸ ನಿರಪಾಯವಾದುದೆಂದು ನಮ್ಮ ಹಿರಿಯರು ಭಾವಿಸಿರಲಿಲ್ಲ. ಉತ್ತರ ಕರ್ನಾಟಕದ ಹಗೇವುಗಳನ್ನೇ ನೋಡಿರಿ. ನೆಲದೊಳಗಣ ಆ ಕಣಜದಲ್ಲಿ ಕೆಟ್ಟಗಾಳಿ ತುಂಬಿ, ಇಳಿದವನ ಉಸಿರು ಕಟ್ಟುವುದುಂಟು. ಆದುದರಿಂದ ಬಾಯಿ ತೆರೆದು ಬಹಳ ಹೊತ್ತು ಬಿಡುತ್ತಿದ್ದರು. ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುತ್ತಿದ್ದರು.

ಸೊಲ್ಲಾಪುರದಿಂದ ಕಲಬುರಗಿಯನ್ನು ಹಾದು ರಾಯಚೂರಿಗೆ ಹೋಗುವ ರೈಲುದಾರಿ 1871ರಲ್ಲಿ ಪೂರ್ತಿಯಾಯಿತು. ಬೆಳೆ ಪೇಟೆಯ ಕಡೆಗೆ ಹರಿಯಿತು. ತಾಜಸುಲ್ತಾನಪುರದಂಥ ಸುತ್ತಣ ಊರುಗಳ ಎರೆನೆಲದ ತೊಗರಿಗೆ ಕಲಬುರಗಿಯ ಗಂಜು ನೆಲೆಯಾಯಿತು. 1957ರಲ್ಲಿ ರಾಜ್ಯ ಉಗ್ರಾಣ ನಿಗಮವೂ ಹುಟ್ಟಿತು. ಹೀಗೆ ಹಗೇವು ಹೋಗಿ ಗೋದಾಮು ಬಂದಿತು. ಧಾನ್ಯ ನೆಲದಡಿಯಿಂದ ಮೇಲೆದ್ದು ಸೂರಿನತ್ತ ಏರಿತು.

ಅಪಾಯವೂ ಅದರೊಡನೆ ಮೇಲೇರಿತು. ಹಮಾಲರು ಕ್ವಿಂಟಲ್ ಚೀಲವನ್ನು ಬೆನ್ನ ಮೇಲೆ ಹೊತ್ತು ಥಪ್ಪಿ ಹಚ್ಚುವುದು ಬಹುಕಾಲ ನಡೆದು ಬಂದ ರೂಢಿ. ಒಂದು ಸಾಲು ಉದ್ದಕ್ಕೆ, ಮತ್ತೊಂದು ಅಡ್ಡಕ್ಕೆ ಇಟ್ಟರೆ ಥಪ್ಪಿ ನಿಲ್ಲುತ್ತದೆ. ಅಡಿಯ ಚೀಲ ಹರಿದರೆ, ಇಲ್ಲವೆ ಅವಸರದಲ್ಲಿ ಕೆಳಗಿನಿಂದ ಎಳೆದರೆ, ಮೇಲಿನದೆಲ್ಲ ಮೈಮೇಲೆ ಬರುತ್ತದೆ. ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಒಬ್ಬ ಗಂಡಾಳಿನ ಹೊರೆಗೆ 55 ಕಿಲೊಗಳ ಮಿತಿಯನ್ನು ಶಿಫಾರಸು ಮಾಡಿತು.

ಬೆನ್ನಿನ ಭಾರ ಇಳಿಸಲು ಯಂತ್ರವೂ ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಬ್ಬಿದ ಫೋರ್ಕ್‌ಲಿಫ್ಟ್ ಹತ್ತಾಳಿನ ಕೆಲಸ ಮಾಡಬಲ್ಲುದು. ಆದರೆ ಅದು ತಕ್ಕಡಿಯಂತೆ: ಮುಂದೆ ಹೊರೆ, ಹಿಂದೆ ಸಮತೂಕದ ಕಬ್ಬಿಣ. ಹೊರೆಯನ್ನು ಎತ್ತರಿಸಿಕೊಂಡೇ ತಿರುಗಿದರೆ ಮಗುಚಿಬೀಳುತ್ತದೆ. ಗಾಬರಿಯಿಂದ ಹೊರಕ್ಕೆ ಹಾರಿದ ಚಾಲಕನೇ ಅದರಡಿಗೆ ಸಿಕ್ಕುತ್ತಾನೆ. ಎದುರಿನ ಹೊರೆ ಕಣ್ಣಿಗೆ ಅಡ್ಡವಾದಾಗ ನಡೆದುಹೋಗುವವರಿಗೂ ಗಂಡಾಂತರವೇ.

ಗಾಯಗೊಂಡ ಕೆಲಸಗಾರನಿಗೆ ಧಣಿಯು ಪರಿಹಾರ ಕೊಡಬೇಕೆಂದು ಬ್ರಿಟಿಷ್ ಭಾರತದಲ್ಲಿ 1923ರಲ್ಲಿಯೇ ಕಾಯಿದೆಯಾಯಿತು. ಅದು ದೊಡ್ಡ ಹೆಜ್ಜೆಯೇ ಸರಿ. ಆದರೆ ಪರಿಹಾರವೆಂಬುದು ಪೆಟ್ಟು ಬಿದ್ದ ಮೇಲಿನ ಮಾತು. ಅದಾಗಿ ನೂರು ವರ್ಷಕ್ಕೆ, 2023ರ ಡಿಸೆಂಬರ್ 4ರಂದು, ವಿಜಯಪುರದ ಗೋದಾಮೊಂದರಲ್ಲಿ ಮೆಕ್ಕೆಜೋಳದ ದಾಸ್ತಾನು ಕುಸಿದು 7 ಮಂದಿ ಅದರಡಿಯಲ್ಲಿ ಸತ್ತರು. ಎಲ್ಲರೂ ದೂರದ ಬಿಹಾರದಿಂದ ದುಡಿಯಲು ಬಂದವರು.

ಪರಿಹಾರದ ಹಣ ಅವರ ಮನೆಗಳಿಗೆ ಬೇಕೇ ಬೇಕು. ಅದಕ್ಕಿಂತ ಮೊದಲು ಬೇಕಾದುದು ಥಪ್ಪಿಯ ಎತ್ತರಕ್ಕೊಂದು ಮಿತಿ, ಯಂತ್ರಕ್ಕೂ ನಡೆಯುವವರಿಗೂ ಬೇರೆಬೇರೆ ದಾರಿ, ಸಂಶಯ ಬಂದಾಗ ಕೆಲಸ ನಿಲ್ಲಿಸುವ ಅಧಿಕಾರ. ಹಗೇವಿನ ಬಾಯಲ್ಲಿ ದೀಪ ಆರಿದರೆ ಯಾರೂ ಆಳನ್ನು ಇಳಿಸುತ್ತಿರಲಿಲ್ಲ. ಅಷ್ಟು ಎಚ್ಚರವನ್ನು ಇಂದಿನ ಗೋದಾಮಿನಿಂದ ಬೇಡುವುದು ಹೆಚ್ಚಾಯಿತೆ?