ಪೇ ಅಂದ್ರೆ ಪಗಾರವೇ?

ಮನೆಯಲ್ಲಿ ಚೆಕ್ ಪುಸ್ತಕ ಇದ್ದರೆ ಒಮ್ಮೆ ತೆಗೆದು ನೋಡಿ. ಹೆಸರು ಬರೆಯುವ ಸಾಲು ಶುರುವಾಗುವುದೇ ‘ಪೇ’ ಅನ್ನುವ ಇಂಗ್ಲಿಷ್ ಪದದಿಂದ. ಬ್ಯಾಂಕಿನವರಾದ ನಮಗೆ ಇದು ಅನ್ನ ಕೊಟ್ಟ ಕ್ರಿಯಾಪದ. ದಿನಕ್ಕೆ ನೂರು ಸಲ ಓದುತ್ತೇವೆ, ಅದರ ಹಿಂದಿನ ಕಥೆ ಮಾತ್ರ ಕೇಳುವುದಿಲ್ಲ.

ನಮ್ಮ ಉಪ್ಪಲ್‌ನಿಂದ ಹಬ್ಸಿಗೂಡ ದಾಟಿ ತಾರ್ನಾಕಾ ಕಡೆ ಹೋದರೆ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಸಿಗುತ್ತದೆ. 1958ರಲ್ಲಿ ಇಂಗ್ಲಿಷ್ ಕಲಿಸುವವರನ್ನು ತಯಾರು ಮಾಡಲೆಂದು ಶುರುವಾದ ಸಂಸ್ಥೆ ಅದು. ಹೊರದೇಶಗಳಿಂದಲೂ ಅಲ್ಲಿಗೆ ಕಲಿಯಲು ಬರುತ್ತಾರೆ. ಯಾವ ದೇಶದವರೇ ಆಗಲಿ, ಉದ್ದುದ್ದ ಪದಗಳಿಗೆ ಹೆದರಬೇಕಿಲ್ಲ, ಅವಕ್ಕೆ ಡಿಕ್ಷನರಿ ಇದೆ. ಎಡವುವುದು ‘ಪೇ’ಯಂಥ ಪುಟ್ಟ ಪದಗಳಲ್ಲೇ. ಬಿಲ್ಲಿಗೂ ಪೇ, ಗಮನಕ್ಕೂ ಪೇ, ಗೌರವಕ್ಕೂ ಪೇ, ಭೇಟಿಗೂ ಪೇ. ಮಾಡಿದ ತಪ್ಪಿಗೆ ಅನುಭವಿಸುವುದಕ್ಕೂ ಪೇ, ವ್ಯಾಪಾರ ಗಿಟ್ಟುವುದಕ್ಕೂ ಪೇ!

ಈ ಪದದ ಮೂಲ ಲ್ಯಾಟಿನ್ನಿನ ‘ಪಾಕಾರೆ’. ಅದರ ಅರ್ಥ ಸಮಾಧಾನ ಮಾಡು, ಶಾಂತಗೊಳಿಸು. ಇಂಗ್ಲಿಷಿನ ‘ಪೀಸ್’, ಅಂದರೆ ಶಾಂತಿ, ಇದರ ದಾಯಾದಿ. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದಾನೆ, ಅವನ ಕೈಗೆ ದುಡ್ಡಿಟ್ಟರೆ ತಣ್ಣಗಾಗುತ್ತಾನೆ. ಹೀಗೆ ‘ಸಮಾಧಾನ ಮಾಡು’ ಅನ್ನುವುದೇ ‘ಹಣ ಕೊಡು’ ಅಂತಾಯಿತು. ಫ್ರೆಂಚ್ ದಾರಿಯಲ್ಲಿ ಸುಮಾರು 1200ರ ಹೊತ್ತಿಗೆ ಇಂಗ್ಲಿಷಿಗೆ ಬಂತು. ಅದಕ್ಕೂ ಮುಂಚೆ ಇಂಗ್ಲಿಷರು ಈ ಕೆಲಸಕ್ಕೆ ಬಳಸುತ್ತಿದ್ದ ಪದವೇ ಈಗಿನ ‘ಯೀಲ್ಡ್’. ಬಾಂಡುಗಳ ಲೆಕ್ಕದಲ್ಲಿ ನಾವು ಈಗಲೂ ಹೇಳುತ್ತೇವಲ್ಲ, ಅದೇ.

ಈ ಚರಿತ್ರೆ ಗೊತ್ತಿದ್ದರೆ ಒಂದು ವ್ಯಾಕರಣದ ತೊಡಕೂ ಬಿಡಿಸಿಕೊಳ್ಳುತ್ತದೆ. ನಾವು ‘ಅವನಿಗೆ ದುಡ್ಡು ಕೊಟ್ಟೆ’ ಅನ್ನುವವರು. ಹಾಗಾಗಿ ಇಂಗ್ಲಿಷಿನಲ್ಲೂ ‘ಐ ಪೇಯ್ಡ್ ಟು ಹಿಮ್’ ಅಂದುಬಿಡುತ್ತೇವೆ. ಇಂಗ್ಲಿಷರದು ‘ಐ ಪೇಯ್ಡ್ ಹಿಮ್’, ನಡುವೆ ‘ಟು’ ಇಲ್ಲ. ಯಾಕೆ? ‘ಅವನನ್ನು ಸಮಾಧಾನ ಮಾಡಿದೆ’ ಅನ್ನುವ ಹಳೆ ಅರ್ಥ ಅಲ್ಲಿ ಇನ್ನೂ ಕೂತಿದೆ. ಕೊಂಡ ಸಾಮಾನಿಗೆ ಮಾತ್ರ ‘ಫಾರ್’ ಬೇಕು. ಅದು ನಮ್ಮ ‘ಪುಸ್ತಕಕ್ಕೆ ಕೊಟ್ಟೆ’ ಅನ್ನುವಾಗಿನ ‘ಕ್ಕೆ’ಗೆ ಸಮ.

ಈಗ ಮಜಾ ಕೇಳಿ. ಅದೇ ‘ಪಾಕಾರೆ’ ಪೋರ್ಚುಗೀಸ್ ಭಾಷೆಯಲ್ಲಿ ‘ಪಗಾರ್’ ಆಯಿತು, ಅರ್ಥ ಹಣ ಕೊಡು. 1510ರಲ್ಲಿ ಪೋರ್ಚುಗೀಸರು ಬಿಜಾಪುರದ ಆದಿಲಶಾಹಿಗಳಿಂದ ಗೋವಾ ಕಿತ್ತುಕೊಂಡರು. ಅವರ ಆ ಪದ ಮರಾಠಿಗೆ ಹತ್ತಿ, ಅಲ್ಲಿಂದ ನಮ್ಮ ಉತ್ತರ ಕರ್ನಾಟಕಕ್ಕೂ ಬಂದು ‘ಪಗಾರ’ ಆಯಿತು. ಅಂದರೆ ಇಂಗ್ಲಿಷಿನ ಪೇ ಮತ್ತು ಹುಬ್ಬಳ್ಳಿಯ ಪಗಾರ ಒಂದೇ ತಾಯಿಯ ಮಕ್ಕಳು! ಆದರೆ ದಾರಿಯಲ್ಲಿ ದಿಕ್ಕು ಬದಲಾಯಿತು. ಅಲ್ಲಿ ಕೊಡುವ ಕ್ರಿಯೆ, ಇಲ್ಲಿ ಕೈಗೆ ಬರುವ ದುಡ್ಡು.

ಕನ್ನಡಕ್ಕೆ ಈ ಕೆಲಸಕ್ಕೆ ಒಂದೇ ಕ್ರಿಯಾಪದ ಸಾಲುವುದಿಲ್ಲ. ರಾಜನಿಗೆ ‘ತೆರು’ತ್ತೇವೆ, ತೆರಿಗೆ ಹುಟ್ಟಿದ್ದು ಅದರಿಂದ. ಫೀಸು, ಕಂತು ‘ಕಟ್ಟು’ತ್ತೇವೆ. ಇಲ್ಲಿ ಹೈದರಾಬಾದಿನ ತೆಲುಗಿನವರೂ ‘ಫೀಜು ಕಟ್ಟಾಲಿ’ ಅಂತಲೇ ಹೇಳುವುದು. ಉತ್ತರ ಕರ್ನಾಟಕದವರು ಬ್ಯಾಂಕಿಗೆ ರೊಕ್ಕ ‘ತುಂಬು’ತ್ತಾರೆ, ಮರಾಠಿಯ ‘ಭರಣೆ’ಯ ಹಾಗೆ. ಸಾಲ ‘ತೀರಿಸು’ತ್ತೇವೆ. ಗೌರವ, ಕಾಣಿಕೆ ‘ಸಲ್ಲಿಸು’ತ್ತೇವೆ. ತೆಲುಗಿನ ‘ಚೆಲ್ಲಿಂಚು’ ಇದರ ಸೋದರ. ಕೊಡುವವನಿಗೂ ಪಡೆಯುವವನಿಗೂ ಏನು ಸಂಬಂಧ ಅಂತ ಕ್ರಿಯಾಪದವೇ ಹೇಳಿಬಿಡುತ್ತದೆ. ಇಂಗ್ಲಿಷಿನ ಪೇ ಅದನ್ನು ಹೇಳುವುದಿಲ್ಲ.

ನಮ್ಮ ಫಾರಂಗಳಲ್ಲಿ ಇವಿಷ್ಟನ್ನೂ ಬಿಟ್ಟು ‘ಪಾವತಿ’ ಅನ್ನುವ ಒಂದೇ ಪದ ಹಿಡಿದುಕೊಂಡೆವು. ಅದೂ ಮರಾಠಿಯಿಂದ ಬಂದದ್ದೇ. ಮರಾಠಿಯಲ್ಲಿ ಪಾವತಿ ಅಂದರೆ ರಸೀದಿ, ಹಣ ಮುಟ್ಟಿತು ಅನ್ನುವುದಕ್ಕೆ ಗುರುತು. ಕನ್ನಡಕ್ಕೆ ಬಂದು ಹಣ ಕೊಡುವುದೇ ಪಾವತಿ ಆಯಿತು. ಇಲ್ಲೂ ದಿಕ್ಕು ಉಲ್ಟಾ! ಇನ್ನು ‘ಪಾವತಿದಾರ’ ಅಂದರೆ ಕೊಟ್ಟವನೋ ಪಡೆದವನೋ, ನೀವೇ ಹೇಳಿ.

ಕಾನೂನು ಮಾಡಿದವರಿಗೆ ಈ ಗೊಂದಲದ ಅರಿವಿತ್ತು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 7ನೇ ಕಲಂನಲ್ಲಿ ಬೇರೆ ಬೇರೆ ಹೆಸರಿಟ್ಟರು. ಚೆಕ್ ಬರೆದವನು ಡ್ರಾಯರ್, ಕೊಡಬೇಕಾದ ಬ್ಯಾಂಕು ಡ್ರಾಯೀ, ಪಡೆಯುವವನು ಪೇಯೀ. ಚೆಕ್ಕಿನ ಮೇಲಿನ ‘ಪೇ’ ಒಂದು ಅಪ್ಪಣೆ. ಖಾತೆದಾರ ಬ್ಯಾಂಕಿಗೆ ‘ನನ್ನ ಖಾತೆಯಿಂದ ಇವರಿಗೆ ಕೊಡು’ ಅಂತ ಹೇಳುವ ಮಾತು. ಕೆಳಗಿನ ಸಹಿ ಅದಕ್ಕೆ ಮೊಹರು.

2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು. ಚೆಕ್ಕಿನ ಅದೇ ಪದ ಮೊಬೈಲಿನ ಬಟನ್ ಆಯಿತು. ಸಹಿಯ ಜಾಗಕ್ಕೆ ಪಿನ್ ಬಂತು. ಆದರೆ ಬಟನ್ ಮೇಲೆ ಬರೀ ಪೇ. ಯಾರು ಕೊಡಬೇಕು, ಯಾರಿಗೆ, ಅದು ಆ ಪದದಲ್ಲಿಲ್ಲ.

ನಮ್ಮ ಗಲ್ಲಿಯಲ್ಲಿ ಇಸ್ತ್ರಿ ಮಾಡುವ ರಾಯಚೂರು ಕಡೆಯವರೊಬ್ಬರಿದ್ದಾರೆ. 2022ರಲ್ಲಿ ಹಳೆ ಮಂಚ ಮಾರಲು ಹೋಗಿ, ಕೊಳ್ಳುತ್ತೇನೆ ಅಂತ ಫೋನ್ ಮಾಡಿದವನು ಕಳಿಸಿದ ರಿಕ್ವೆಸ್ಟಿಗೆ ‘ಪೇ’ ಒತ್ತಿ ಪಿನ್ ಹಾಕಿದರು. ಆರು ಸಾವಿರ ಬರಬೇಕಿದ್ದ ಖಾತೆಯಿಂದ ಆರು ಸಾವಿರ ಹೋಯಿತು. ಯಾಕೆ ಒತ್ತಿದಿರಿ ಅಂತ ಕೇಳಿದೆ. ‘ಪೇ ಅಂದ್ರ ಪಗಾರ ಅಲ್ಲೇನ್ರಿ ಸಾರ್? ಪಗಾರ ಬರೂದಲ್ರೀ?’ ಅಂದರು.

ಅವರನ್ನು ದಡ್ಡ ಅನ್ನಲು ನನಗೆ ಬಾಯಿ ಬರಲಿಲ್ಲ. ಪೇ ಕಮಿಷನ್, ಪೇ ಸ್ಲಿಪ್ ಅಂತ ನಾವೇ ಹೇಳುತ್ತೇವೆ. ಅಲ್ಲೆಲ್ಲ ಪೇ ಅಂದರೆ ಬರುವ ದುಡ್ಡೇ. ಪದದ ಚರಿತ್ರೆ ನೋಡಿದರೂ ಅವರು ಹೇಳಿದ್ದು ಸರಿ, ಪೇ ಮತ್ತು ಪಗಾರ ಒಂದೇ. ಕ್ರಿಯಾಪದವನ್ನು ನಾಮಪದವಾಗಿ ಓದಿದ್ದಕ್ಕೆ ಆರು ಸಾವಿರ ಹೋಯಿತು, ಅಷ್ಟೇ.

2025ರ ಅಕ್ಟೋಬರ್‌ನಿಂದ ವ್ಯಕ್ತಿಗಳ ನಡುವಿನ ಇಂಥ ರಿಕ್ವೆಸ್ಟುಗಳನ್ನು ನಿಲ್ಲಿಸಿದ್ದಾರೆ, ಒಳ್ಳೆಯದಾಯಿತು. ಆದರೆ ‘ಈ ಕೋಡ್ ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ’ ಅನ್ನುವವರಿಗೆ ಬರವಿಲ್ಲ. ಮನೆಯ ಹಿರಿಯರಿಗೆ, ಕೆಲಸದವರಿಗೆ ಎರಡೇ ಮಾತು ಹೇಳಿಕೊಡಿ. ಪೇ ಅಂದರೆ ‘ನಾನು ಕೊಡುತ್ತೇನೆ’. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ.

ಕನ್ನಡದ ಆ್ಯಪುಗಳನ್ನು ಮಾಡುವವರು ‘ಪಾವತಿಸಿ’ ಅನ್ನುವ ಬದಲು ‘ನನ್ನ ಖಾತೆಯಿಂದ ಕೊಡು’ ಅಂತ ಬರೆದರೆ ಇನ್ನೂ ಒಳ್ಳೆಯದು. ಸ್ವಲ್ಪ ಉದ್ದವಾಯಿತು, ಆಗಲಿ ಬಿಡಿ. ಚೆಕ್ಕಿನ ಸಾಲು ಹೇಳುತ್ತಿದ್ದುದೂ ಅದನ್ನೇ ತಾನೇ?